ಕೀಲಿಗೊಂಚಲು ಒಪ್ಪಿಸುವಾಗ

ಆ ಬ್ಯಾಟರಿ ಡಬ್ಬದ ಮೇಲೆ ಕೂರಬೇಡ ಒಕಾಂಟೆ,
ಅದು ಮೊದಲೇ ಮುನಿಸಿನದು. ಈ ಕುರ್ಚಿಗೆ ಬಾ.
ಹರ್ಮಟಾನ್ ಗಾಳಿ. ಸಹಾರಾದ ಹುಡಿ
ಅಷ್ಟು ದೂರದಿಂದ ಟೆಮಾ ತನಕ ನಡೆದು ಬಂದು
ಕೋಕೋ ಮೂಟೆಗಳ ನಡುವೆ ಹಾದು
ಈ ಸರ್ವರಿನ ಫ್ಯಾನಿನ ಗಂಟಲಲ್ಲಿ ಕೂತಿದೆ.
ಒಳಗೆ ಬರುವವರು ಯಾರೂ
ಬಾಗಿಲು ಬಡಿಯುವುದಿಲ್ಲ, ತಿಳಿದಿರಲಿ.
ಬ್ರಷ್ಷು ಮೇಲಿನ ಕಪಾಟಿನಲ್ಲಿದೆ.

ಗೋಡೆಯ ಮೇಲಿನ ನಕ್ಷೆ ನಂಬಬೇಡ,
ಬರೆದವಳು ನಾನೇ, ಅದಕ್ಕೇ ಹೇಳುತ್ತೇನೆ.
ಬರೆದ ಮಾರನೆಯ ದಿನವೇ
ತೂಕದ ಯಂತ್ರಕ್ಕೆಂದು ಯಾರೋ ಹೊಸ ತಂತಿ ಎಳೆದರು.
ಪೆನ್ಸಿಲ್ಲಿನಲ್ಲಿ ಬರಿ. ತಂತಿ ಹಿಡಿದು ನಡಿ,
ದಡದಲ್ಲಿ ಬಲೆಯ ಹಗ್ಗ ಎಳೆಯುವವರ ಹಾಗೆ,
ಕೊನೆಯಲ್ಲಿ ಏನಿದೆಯೆಂದು ಕಾಣುವ ತನಕ ಬಿಡದೆ.
ಹದಿನೇಳನೆಯ ತೂತಿನ ಈ ನೀಲಿ ತಂತಿ
ಎಲ್ಲಿಗೆಂದು ಆರು ವರ್ಷ ತಿಳಿಯಲಿಲ್ಲ.
ಒಮ್ಮೆ ಕಿತ್ತೇ ನೋಡಿದೆ. ಗೇಟಿನ ಕಾವಲುಗಾರ
ಓಡಿ ಬಂದ: ಅವನ ಫುಟ್‌ಬಾಲ್ ಪಂದ್ಯ ನಿಂತಿತ್ತು.
ಅವನಿಗೊಂದು ಬೇರೆ ಹಾದಿ ಹಾಕಿಕೊಟ್ಟೆ,
ಲೆಕ್ಕದ ಕಡತಗಳ ಗಾಳಿಯೂ ಸೋಕದ ಹಾದಿ.
ಬೇಡವೆಂದರೆ ಕದ್ದು ಎಳೆಯುತ್ತಾರೆ;
ಕೊಟ್ಟರೆ, ಎಲ್ಲಿದೆಯೆಂದಾದರೂ ಗೊತ್ತಿರುತ್ತದೆ.

ಪಾಸ್‌ವರ್ಡನ್ನು ಕೀಬೋರ್ಡಿನಡಿ ಅಂಟಿಸಿದ
ಎಫುವಾಳನ್ನು ಬೈಯಬೇಡ.
ತಿಂಗಳಿಗೊಮ್ಮೆ ಬದಲಿಸು ಎಂದು ಪೀಡಿಸಿದವಳು ನಾನು.
ಉದ್ದನೆಯದೊಂದು ವಾಕ್ಯ ಕೇಳು ಅವಳ ಬಳಿ,
ಅಜ್ಜಿಯ ಬೈಗುಳವಾದರೂ ಸರಿ,
ಫೋನಿನಲ್ಲಿ ಎರಡನೆಯ ಕೀಲಿ ಇಟ್ಟುಕೊಡು,
ಆಮೇಲೆ ಅವಳ ಪಾಡಿಗೆ ಬಿಡು.

ತೇಪೆ ಹಾಕುವುದು ಮಂಗಳವಾರ ರಾತ್ರಿ.
ಶುಕ್ರವಾರ ಸಂಜೆ ಏನನ್ನೂ ಮುಟ್ಟಬೇಡ, ಏನನ್ನೂ.

ಇನ್ನು ಅಗ್ಬೆಕೊ ವಿಷಯ.
ಲೆಕ್ಕದ ಮೇಜಿನ ಅಗ್ಬೆಕೊ; ನೀನು ನೋಡಿಲ್ಲ.
ಶನಿವಾರ ಕೆಂಪು ಕಪ್ಪು ಉಟ್ಟು ಅವನನ್ನು ಮಣ್ಣು ಮಾಡಿ ಬಂದೆವು.
ಸೋಮವಾರ ಅವನ ಖಾತೆ ಮುಚ್ಚಲು ಕೂತೆ.
ಬೆರಳು ಏಳಲಿಲ್ಲ.
ಪಟ್ಟಿಯಲ್ಲಿ ಮೊದಲ ಹೆಸರು ಅವನದೇ,
ಬೆಳಗ್ಗೆ ತೆರೆದರೆ ಅವನ ಮುಖವೇ ಮೊದಲು.
ಇರಲಿ ಎಂದೆ, ಒಂದು ವಾರ ಇರಲಿ.
ಹದಿನಾಲ್ಕು ತಿಂಗಳಾದ ಮೇಲೆ
ಒಂದು ರಾತ್ರಿ ಎರಡೂಕಾಲಕ್ಕೆ
ಅಗ್ಬೆಕೊ ಕೆಲಸಕ್ಕೆ ಬಂದ.

ದಾಖಲೆಯಲ್ಲಿ ಹಾಗೇ ಇದೆ, ನೋಡು.
ಪಾಸ್‌ವರ್ಡು ಸರಿಯಾಗಿ ಕೊಟ್ಟ.
ಬದುಕಿದ್ದಾಗ ಇಣುಕಿಯೂ ನೋಡದ ಕಪಾಟುಗಳನ್ನು ತೆರೆದ.
ಬೆಳಗಾಗುವಷ್ಟರಲ್ಲಿ ಪ್ರತಿ ಕಡತಕ್ಕೂ
ನಾವರಿಯದ ಬೀಗ.
ಧಕ್ಕೆಯಲ್ಲಿ ಮೂರು ಹಡಗು ಸರಕಿಲ್ಲದೆ ನಿಂತವು.

ಪ್ರತಿ ತೆಗೆದಿಟ್ಟಿದ್ದೇನೆ ಎಂದೆ, ಎದೆ ತಟ್ಟಿ.
ದಿನವೂ ಹಸಿರು ಗುರುತು ತೋರಿದ ಡಬ್ಬ ತೆರೆದರೆ
ತೊಟ್ಟಿಲು ತೂಗಿದ್ದೇ ತೂಗಿದ್ದು,
ಒಳಗೆ ಮಗುವಿರಲಿಲ್ಲ.

ಆಗ ಎಫುವಾ ಮೇಜಿನಡಿಯಿಂದ ತೆಗೆದಳು
ಕಾರ್ಬನ್ ಹಾಳೆಯ ರಸೀದಿ ಪುಸ್ತಕಗಳು, ನಾಲ್ಕು ಚೀಲ.
‘ನಿನ್ನ ಯಂತ್ರವನ್ನು ನಾನೆಂದೂ ನಂಬಿರಲಿಲ್ಲ, ಸೆಫಾಕೊರ್.’
ಹತ್ತೊಂಬತ್ತು ದಿನ ಅವಳು ಓದಿದಳು, ನಾನು ಬಡಿದೆ,
ಮೂಟೆ ಮೂಟೆಯಾಗಿ ಉಗ್ರಾಣ ಮತ್ತೆ ಎದ್ದಿತು.
ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದೆ ಎಂದು
ಯಾರೂ ಆಡಿಕೊಳ್ಳಲಿಲ್ಲ.
ಕೆಂಕೆ, ಹುರಿದ ಮೀನು ತಂದುಕೊಟ್ಟರು.
ಅದೇ ಹೆಚ್ಚು ನೋಯಿತು.

ಪ್ರತಿ ತೆಗೆದರೆ ಸಾಲದು ಹುಡುಗ,
ತಿಂಗಳಿಗೊಮ್ಮೆ ಅದರಿಂದ ಒಂದು ಕಡತವನ್ನಾದರೂ
ಬದುಕಿಸಿ ನೋಡು. ಒಂದು ಪ್ರತಿ
ಯಾವ ತಂತಿಗೂ ಸಿಗದ ಕಡೆ ಇರಲಿ.
ಮತ್ತೆ, ಹೋದವರ ಖಾತೆ
ಹೋದ ದಿನವೇ ಮುಚ್ಚು. ಆಮೇಲೆ ಅಳು.

ನಾಳೆಯಿಂದ ನಾನಿಲ್ಲ.
ಪಟ್ಟಿ ತೆರೆ, ಕೆಳಗೆ ಬಾ, ಇನ್ನೂ ಕೆಳಗೆ,
ಅದೇ. ಅಳಿಸು,
ನಾನು ಇಲ್ಲಿ ಕೂತಿರುವಾಗಲೇ.
ಖಚಿತವೇ ಎಂದು ಕೇಳುತ್ತದೆ.
ನನ್ನ ಮುಖ ಯಾಕೆ ನೋಡುತ್ತೀ? ಹೌದು ಒತ್ತು.

ಹಾಂ, ಕರೆಂಟು ಹೋಯಿತು.
ಹೆದರಬೇಡ, ಎಣಿಸು.
ಹನ್ನೆರಡಕ್ಕೆ ಜನರೇಟರ್ ಏಳಬೇಕು,
ಹದಿನೈದಾದರೆ ಯಾರೋ ಡೀಸೆಲ್ ಕದ್ದಿದ್ದಾರೆ.