ಸೋಮವಾರದ ಸಹಿ

ಮೈಸೂರಿನ ಲಷ್ಕರ್ ಠಾಣೆಯಲ್ಲಿ ನಾನು ರೈಟರು.
ಸೋಮವಾರ ಹತ್ತಕ್ಕೆ ಬರುವಳು
ಮಂಡಿ ಮೊಹಲ್ಲಾದ ಖರ್ಜೂರದಂಗಡಿ ಅಟ್ಟದ ಮೇಲೆ
ಗಾಜು ಉಜ್ಜುವ ಗೆರ್ಟಾ ಫಿಂಕೆಲ್,
ಪೇದೆ ನಂಜಯ್ಯನ ಬಾಯಲ್ಲಿ ಗಿರ್ಟಮ್ಮ.

ಸಹಿ ಹಾಕಬೇಕು, ಅಷ್ಟೇ.
ಹೆಸರು, ವಯಸ್ಸು, ಕಸುಬು ಸರಿ;
ದೇಶ ಎಂಬ ಕಲಮಿಗೆ ಬಂದಾಗ
ನನ್ನ ಟಾಕು ನಿಲ್ಲುತ್ತಿತ್ತು.
ಅವಳ ದೇಶ ಅವಳನ್ನು ಹೊಡೆದೋಡಿಸಿತ್ತು
ಯೆಹೂದಿ ಎಂದು.
ನಮ್ಮ ಸರ್ಕಾರ ಕಣ್ಣಿಟ್ಟಿತ್ತು
ಅದೇ ದೇಶದವಳು ಎಂದು.
ಮದ್ದಳೆಗೆ ಎರಡೂ ಕಡೆ ಪೆಟ್ಟು, ಅಂದ ನಂಜಯ್ಯ.
ನಗು ಬರಲಿಲ್ಲ ಯಾರಿಗೂ.
ಬರೆದೆ: ಶತ್ರು ದೇಶದ ಪ್ರಜೆ.
ಮೇಲಿನವರು ಹೇಳಿದ್ದು ಹಾಗೆ.

ನಾನು ರಿಜಿಸ್ಟರನ್ನು ಮಾರುದೂರ ಹಿಡಿದು ತಡಕಾಡುವುದ
ನೋಡಿದ್ದಳೇನೋ,
ಒಂದು ವಾರ ಕನ್ನಡಕ ತಂದಳು
ಖರ್ಜೂರದ ಕಾಗದದಲ್ಲಿ ಸುತ್ತಿ.
ಮೂರು ರೂಪಾಯಿ. ಸಂಬಳ ಬರಲಿ, ಅಂದೆ.
ತಲೆಯಾಡಿಸಿದಳು, ನಮ್ಮವರ ಹಾಗೇ, ಅಡ್ಡಡ್ಡ.

ಹಾಕಿಕೊಂಡೆ.
ಇರುವೆಯಂಥ ಅಕ್ಷರಗಳೆಲ್ಲ ಎದ್ದು ನಿಂತವು:
ನನ್ನದೇ ಕೈಬರಹ, ಹದಿನೇಳು ಸಲ,
ಶತ್ರು, ಶತ್ರು,
ದುಂಡಗೆ, ಒತ್ತಿನ ಸಮೇತ.

ಸಂಬಳಕ್ಕೆ ಮೊದಲೇ ಹುಕುಂ ಬಂತು.
ಕ್ಯಾಂಪಿಗೆ. ಎಲ್ಲಿಯದೆಂದು ನಮಗೂ ಹೇಳಲಿಲ್ಲ.
ಜಟಕಾದಲ್ಲಿ ನಂಜಯ್ಯನ ಪಕ್ಕ ಕೂತು ಹೋದಳು,
ಮಡಿಲಲ್ಲಿ ಗಾಜಿನ ಪೆಟ್ಟಿಗೆ.
ತಿರುವಿನಲ್ಲಿ ಕುದುರೆ ಜಾರಿತು;
ಅವಳು ಅವುಚಿದ್ದು ಪೆಟ್ಟಿಗೆಯನ್ನಷ್ಟೇ.
ದೂರದ್ದು ನನಗೆ ಯಾವತ್ತೂ ಚೆನ್ನಾಗೇ ಕಾಣುತ್ತದೆ.

ಅವಳ ಹೆಸರಿನ ಕೆಳಗೆ ಬರೆದೆ:
ಬಾಕಿ, ಮೂರು ರೂಪಾಯಿ.
ಏನಯ್ಯ ಇದು, ಯಾರಿಂದ ಬರಬೇಕು?
ಸಾಹೇಬರು ರೇಗಿದರು.
ಬರಬೇಕಾದ್ದಲ್ಲ ಸ್ವಾಮಿ,
ಕೊಡಬೇಕಾದ್ದು.