ನೂರ ನಲವತ್ತೊಂದು ಲಾಭ

ನಾಳೆ ನವೀಕರಣ, ಎನ್ನುತ್ತದೆ ಫೋನು.
ಹದಿನಾಲ್ಕು ನೂರ ತೊಂಬತ್ತೊಂಬತ್ತು.
ಬಿಜೈಯ ಮೂರನೇ ಮಾಳಿಗೆಯಲ್ಲಿ ಕೂತು
ಕರೆಂಟು ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದೆ:
ನಲವತ್ತೊಂದು ಪೊಟ್ಟಣ, ತಲಾ ನಲವತ್ತು ಸಾಗಣೆ.
ಲಾಭವೇ ಉಂಟು.

ಹಿಗ್ಗುವಷ್ಟರಲ್ಲಿ ಕಂಡಿತು
ಮಂಚದಡಿ ಅನಾನಸು ಕೊರೆಯುವ ಸಾಧನ,
ಎರಡನೆಯದು.
ಸಾಗಣೆ ಪುಕ್ಕಟೆ ಎಂದು ಬಂದದ್ದು.

ಜೀರಿಗೆ ಮುಗಿದಿತ್ತು. ಇಳಿದು ಹೋದರೆ
ಪುಂಡಲೀಕ ಶೆಣೈಯವರು ಕನ್ನಡಕ ಏರಿಸಿ,
“ಎಂತ ಬಾಯಮ್ಮ, ಊರಲ್ಲಿ ಇರಲಿಲ್ವಾ?”
ಇದ್ದೆ, ಎಂದೆ.
ಅಷ್ಟು ಸಣ್ಣ ಸ್ವರದಲ್ಲಿ
ಯಾವತ್ತೂ ಜೀರಿಗೆ ಕೇಳಿರಲಿಲ್ಲ.

ರದ್ದು ಮಾಡುವುದೇ ಸೈ, ಎಂದುಕೊಂಡು ಹತ್ತಿದರೆ
ಮೆಟ್ಟಿಲಲ್ಲಿ ಬೆವರು ಒರೆಸುತ್ತ ನೌಶೀರ್:
“ಲಿಫ್ಟ್ ಇವತ್ತು ಕೂಡ ಹಾಳಾ ಅಕ್ಕ?”
ಕೈಯಲ್ಲಿ ನನ್ನದೇ ಪೊಟ್ಟಣ.

ಏನು ತರಿಸಿದ್ದೆ,
ನೆನಪಿಲ್ಲ.