ಮೊಸರಿಗೆ?

ಕುರ್ಚಿಗೆ ಮರ ಹೇಗೋ ಹಾಗೆ
ಬೂಟಿಗೆ ಏನು?
ಐದು ಉತ್ತರಗಳಲ್ಲಿ ಒಂದಕ್ಕೆ ಪೆನ್ಸಿಲ್ ಗೆರೆ,
ಒಂದೊಂದು ಪ್ರಶ್ನೆಗೆ ಮೂವತ್ತು ಸೆಕೆಂಡು.
ಸೆಪ್ಟೆಂಬರಿನ ಪರೀಕ್ಷೆಗೆ ಇನ್ನು ಹನ್ನೊಂದೇ ಶನಿವಾರ.
ಹೈ ವಿಕಂಬಿನ ಅಡಿಗೆಮನೆಯಲ್ಲಿ
ನೈಟ್ ಡ್ಯೂಟಿ ಮುಗಿಸಿ ಬಂದ ನಾನು
ನರ್ಸ್ ಅಂಗಿಯ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು
"ಹೂಂ" ಅನ್ನುತ್ತೇನೆ.

ಬೂಟಿಗೆ ಚರ್ಮ. ಬಟ್ಟೆಗೆ ನೂಲು. ಬ್ರೆಡ್ಡಿಗೆ ಹಿಟ್ಟು.
ಹುರಿಗಡಲೆ ಬಾಯಿಗೆಸೆದ ಹಾಗೆ ಮುಗಿಸಿದಳು ಇಳಾ.
ಗಾಜಿಗೆ ಬಂದು ನಿಂತಳು.
"ಮರಳಿನಾಚೆ ಏನೂ ಕಾಣಲ್ವಲ್ಲಮ್ಮ?"
ಹೋಯಿತು ಅಲ್ಲೇ ಹದಿನೆಂಟು ಸೆಕೆಂಡು.

ಕುರ್ಚಿಯದೂ ತಕರಾರೇ.
ಪಕ್ಕದ ಮನೆಯ ಪ್ರ್ಯಾಟ್ಲಿ ತಾತ
ನಲವತ್ತು ವರ್ಷ ಇದೇ ಊರಲ್ಲಿ ಕುರ್ಚಿ ಮಾಡಿದವನು,
ಬೇಲಿಯ ಮೇಲಿಂದ ಹೇಳಿಕೊಟ್ಟಿದ್ದಾನೆ:
ಕಾಲಿಗೆ ಬೀಚ್, ಕೂರುವ ಹಲಗೆಗೆ ಎಲ್ಮ್,
ಬೆನ್ನಿಗೆ ಹಬೆಯಲ್ಲಿ ಬಗ್ಗಿಸಿದ ಆಶ್.
ಮರ ಅನ್ನೋ ಮರ ಎಲ್ಲೂ ಬೆಳೆಯಲ್ಲ, ಮಗೂ.

ತಾತ ಬಂದು ಪೇಪರು ತಿದ್ದಲ್ಲ, ನಡೆ ಮುಂದೆ
ಎಂದು ಗದರಿದೆ.

ನಲವತ್ತೊಂದನೆಯದು. ಬೆಣ್ಣೆಗೆ ಕೆನೆ, ಮೊಸರಿಗೆ?
ಹಾಲು ಇತ್ತು ಸಾಲಿನಲ್ಲಿ, ಎರಡನೆಯದಾಗಿ,
ಕೈಗೆ ಸಿಗುವಷ್ಟು ಹತ್ತಿರ.
ಅವಳು ಗೆರೆ ಎಳೆಯದೆ
ಅಂಚಿನಲ್ಲಿ ಬರೆದಳು: ಮೊಸರು.

ಗದರಲು ತೆರೆದ ಬಾಯಿ ತೆರೆದೇ ಉಳಿಯಿತು.

ನಾವು ಬಂದ ಮೊದಲ ಚಳಿಗಾಲ.
ಅಂಗಡಿಯ ಡಬ್ಬಿಯದು ಹಾಕಿದರೆ ಹಾಲು
ಎರಡು ರಾತ್ರಿ ಕಳೆದರೂ ನೀರು ನೀರು.
ಎದುರು ಮನೆಯ ನಸ್ರೀನ್
ಸ್ಟೀಲ್ ಲೋಟಕ್ಕೆ ತಟ್ಟೆ ಮುಚ್ಚಿ ರಸ್ತೆ ದಾಟಿ ತಂದಳು
ಎರಡು ಚಮಚ ಹೆಪ್ಪು.
ಅದು ಅವಳತ್ತೆಯದು, ಅತ್ತೆಗೆ ಇನ್ಯಾರದೋ.
ಬಾಯ್ಲರಿನ ಕಪಾಟಿನಲ್ಲಿ ನನ್ನ ಶಾಲು ಹೊದ್ದು ಮಲಗಿದ್ದು
ಬೆಳಿಗ್ಗೆ ಗಟ್ಟಿಯಾಗಿ ಎದ್ದಿತ್ತು.
ಆಮೇಲೆ ಒಂಬತ್ತು ವರ್ಷ
ನಿನ್ನೆಯದು ಇವತ್ತಿಗೆ, ಇವತ್ತಿನದು ನಾಳೆಗೆ.
ಎರಡು ಸಲ ನಮ್ಮಲ್ಲಿ ಮುಗಿದುಹೋಗಿ ಅವಳಿಂದ ತಂದೆವು,
ಒಂದು ಸಲ, ಈದ್ ಮಾರನೆಯ ದಿನ, ಅವಳು ನಮ್ಮಿಂದ.

"ಹಾಲಿಗೇ ಗೆರೆ ಹಾಕು" ಅಂದೆ, ಮೆತ್ತಗೆ.
"ಅದು ಸರೀನಾ?"
"ಅಂಕ ಅದಕ್ಕೆ."
ಹಾಕಿದಳು.
ಅಂಚಿನದನ್ನು ಅಳಿಸಲಿಲ್ಲ.
ರಬ್ಬರು ನನ್ನ ಕೈಯಲ್ಲೇ ಇತ್ತು.

ರಾತ್ರಿ ಕೊನೆಯ ತುತ್ತಿಗೆಂದು
ಬೋಗುಣಿಯ ತಳ ಕೆರೆಯುತ್ತಿದ್ದೆ.
ಪುಸ್ತಕದಿಂದ ತಲೆಯೆತ್ತದೆ
ಇಳಾ ಅಂದಳು:
ಒಂದು ಚಮಚ ಬಿಡಮ್ಮ.